ಆರು ಅಂಕಣದ ಮನೆ, ವಾಲ್‌ಹೈಮ್‌ನ ಮಳೆಯಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಇದು ಗೇಮ್ ಗೆಲ್ಲೋದು ಹೇಗೆ ಅನ್ನೋ ಬರಹ ಅಲ್ಲ. 2025ರ ಯುಗಾದಿಯಿಂದ ಮಳೆಗಾಲ ಶುರುವಾಗುವ ತನಕ, ರಾತ್ರಿ ಅಂಗಡಿ ಶಟರ್ ಎಳೆದ ಮೇಲೆ, ನಾನು ಮತ್ತು ನನ್ನ ಕಾಕಾನ ಮಗ ಸೇರಿ ವಾಲ್‌ಹೈಮ್‌ನಲ್ಲಿ ಒಂದು ಮನೆ ಕಟ್ಟಿದೆವು. ಎರಡು ಸಲ ಕೆಟ್ಟು ಮೂರನೇ ಸಲ ನಿಂತಿತು. ಯಾವಾಗ ಏನು ಕೈಕೊಟ್ಟಿತು, ಏನು ಮಾಡಿದೆವು ಅನ್ನೋದನ್ನ ಹಾಳಾದ ಜೆರಾಕ್ಸ್ ಹಾಳೆಗಳ ಹಿಂದೆ ಗೀಚಿ ಇಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ವಾಲ್‌ಹೈಮ್ ಸ್ವೀಡನ್ನಿನ ಐರನ್ ಗೇಟ್ ಅನ್ನೋ ಚಿಕ್ಕ ತಂಡದ ಗೇಮ್. ಬರಿಗೈಯಲ್ಲಿ ತಂದು ಕಾಡಿನ ಹತ್ತಿರ ಬಿಡುತ್ತಾರೆ. ಮರ ಕಡಿದು, ಬೇಟೆಯಾಡಿ, ಮನೆ ಕಟ್ಟಿಕೊಂಡು ಬದುಕಬೇಕು. 2021ರ ಫೆಬ್ರವರಿ 2ರಂದು ಅರ್ಲಿ ಆಕ್ಸೆಸ್‌ನಲ್ಲಿ ಬಂತು, ಅಂದ್ರೆ ಪೂರ್ತಿ ಆಗೋ ಮೊದಲೇ ಮಾರಾಟಕ್ಕೆ. ನಾವು ಮನೆ ಕಟ್ಟುವಾಗಲೂ ಅದು ಅರ್ಲಿ ಆಕ್ಸೆಸ್‌ನಲ್ಲೇ ಇತ್ತು. ಮಿಸ್ಟ್‌ಲ್ಯಾಂಡ್ಸ್ ಅನ್ನೋ ಮಂಜಿನ ನಾಡು 2022ರ ಡಿಸೆಂಬರ್‌ನಲ್ಲಿ ಬಂತು, ಆಶ್‌ಲ್ಯಾಂಡ್ಸ್ ಅನ್ನೋ ಬೂದಿಯ ನಾಡು 2024ರ ಮೇ ತಿಂಗಳಲ್ಲಿ. ಉತ್ತರದ ಹಿಮದ ನಾಡು ಡೀಪ್ ನಾರ್ತ್ ಮಾತ್ರ ಬಾಕಿ ಇತ್ತು. ನಕ್ಷೆಯಲ್ಲಿ ಜಾಗ ಇತ್ತು, ಹೋದರೆ ಖಾಲಿ. ನಮ್ಮ ಕಡೆ ಮಂದಿ ಕೆಳಗಿನ ಮನೆಗೆ ಗೃಹಪ್ರವೇಶ ಮಾಡಿ, ಊಟ ಹಾಕಿಸಿ, ಆಮೇಲೆ ಐದು ವರ್ಷ ಮಹಡಿ ಕಟ್ಟುತ್ತಾ ಇರುತ್ತಾರಲ್ಲ, ಕಂಬದ ಸರಳುಗಳು ತುಕ್ಕು ಹಿಡಿದು ಆಕಾಶ ನೋಡುತ್ತಾ ನಿಂತಿರುತ್ತವಲ್ಲ, ಹಾಗೆ.

ನಮ್ಮದು ಕೊಪ್ಪಳ. ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಕುಕನೂರು ಕಡೆಯ ಹಳ್ಳಿಯಲ್ಲಿ ನಮ್ಮ ಅಜ್ಜನ ಕಾಲದ ಮಾಳಿಗೆ ಮನೆ, ಅಂದ್ರೆ ಚಪ್ಪಟೆ ಮಣ್ಣಿನ ಸೂರಿನ ಮನೆ, ಇತ್ತು. ಮೂರು ವರ್ಷದ ಹಿಂದಿನ ಮಳೆಗೆ ಹಿಂದಿನ ಗೋಡೆ ಕುಸಿಯಿತು, ಉಳಿದದ್ದನ್ನು ನಾವೇ ಕೆಡವಿದೆವು. ಈಗ ಆ ಜಾಗದಲ್ಲಿ ಕಾಕಾ ಆರ್‌ಸಿಸಿ ಮನೆ ಕಟ್ಟಿಕೊಂಡಿದ್ದಾರೆ. ಕಾಕಾ ಗೌಂಡಿ. ನಲವತ್ತು ವರ್ಷ ಮಂದಿ ಮನೆ ಕಟ್ಟಿದವರು. ಅವರ ಮಗ ಬೆಂಗಳೂರಿನಲ್ಲಿ ಕೆಲಸ. ಅವನೂ ನಾನೂ ಈ ಗೇಮ್‌ನಲ್ಲಿ ಸುಮ್ನೆ ಒಂದು ಮರದ ಗುಡಿಸಲು ಹಾಕಿಕೊಂಡು ಹಂದಿ ಸಾಕುತ್ತಿದ್ದೆವು. ಯುಗಾದಿ ದಿನ ಬೇವು ಬೆಲ್ಲ ತಿನ್ನುತ್ತಾ ಅವನೇ ಅಂದ: "ಅಣ್ಣಾ, ಅಜ್ಜನ ಮನಿ ಕಟ್ಟೋಣನು?"

ಮನೆ ಆರು ಅಂಕಣದ್ದು. ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ. ನಮ್ಮ ಮನೆಯ ಅಂಕಣ ಸುಮಾರು ಎಂಟಡಿ. ಅಗಲಕ್ಕೆ ಎರಡು, ಉದ್ದಕ್ಕೆ ಮೂರು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಒಂದು ಅಂಕಣ ದನಕ್ಕೆ, ಹಿಂದೆ ಅಡಿಗೆ ಮನೆ. ನನ್ನ ಹತ್ತಿರ ಮೂರು ಫೋಟೋ ಇದ್ದವು, ಮೂರರಲ್ಲೂ ಮದುವೆ ಮಂದಿ ಮುಂದೆ ನಿಂತು ಮನೆಯನ್ನೇ ಮುಚ್ಚಿದ್ದಾರೆ. ಹಾಗಾಗಿ ಕಾಕಾನನ್ನು ಅಂಗಡಿಗೆ ಕರೆದೆ. ಅವರು ಸೀಮೆಸುಣ್ಣದಲ್ಲಿ ಅಂಗಡಿ ನೆಲದ ಮೇಲೆ ಹನ್ನೆರಡು ಚುಕ್ಕಿ ಇಟ್ಟರು, ಮೂರು ಸಾಲು, ಸಾಲಿಗೆ ನಾಲ್ಕು. "ಇಲ್ಲಿ ಕಂಬ. ಕಂಬದ ಮ್ಯಾಲ ಬೋದಿಗಿ. ಬೋದಿಗಿ ಮ್ಯಾಲ ತೊಲಿ. ತೊಲಿ ಮ್ಯಾಲ ಜಂತಿ. ಅದರ ಮ್ಯಾಲ ಬೇವಿನ ತಪ್ಪಲ ಹಾಸಿ ಮಣ್ಣು." ಅಷ್ಟೇ, ಎರಡು ನಿಮಿಷದಲ್ಲಿ ನಕ್ಷೆ ಮುಗಿಯಿತು. ಮರುದಿನ ಅರ್ಜಿ ತುಂಬಲು ಬಂದವರು ಅದನ್ನೆಲ್ಲ ತುಳಿದು ಅಳಿಸುವ ಮೊದಲು ಫೋಟೋ ಹೊಡೆದುಕೊಂಡೆ.

ಮೊದಲ ತಪ್ಪು ಅಳತೆಯದು. ಗೇಮ್‌ನಲ್ಲಿ ಸಾಮಾನ್ಯ ತೊಲೆ ಎರಡು ಮೀಟರ್. ಎಂಟಡಿಗೆ ಹತ್ತಿರ ಅಂತ ಒಂದು ಅಂಕಣಕ್ಕೆ ಒಂದು ತೊಲೆ ಹಾಕಿದೆವು. ಕಟ್ಟಿ ಒಳಗೆ ಹೋದರೆ ಏನೂ ಕಾಣಲ್ಲ! ಈ ಗೇಮ್‌ನಲ್ಲಿ ಕ್ಯಾಮೆರಾ ನಮ್ಮ ಬೆನ್ನ ಹಿಂದೆ, ಸ್ವಲ್ಪ ಮೇಲೆ ಇರುತ್ತದೆ. ತಗ್ಗು ಮಾಳಿಗೆ, ಹತ್ತಿರದ ಗೋಡೆ ಇದ್ದರೆ ಅದು ಬಂದು ನಮ್ಮ ತಲೆಗೇ ಅಂಟುತ್ತದೆ. ಅಜ್ಜನ ಮನೆಯಲ್ಲಿ ಬಾಗಿಲಿಗೆ ತಲೆ ತಾಗದವರು ಯಾರೂ ಇರಲಿಲ್ಲ, ಆದರೆ ಅಲ್ಲಿ ನಮ್ಮ ಕಣ್ಣು ತಲೆಯಲ್ಲೇ ಇರುತ್ತಿತ್ತಲ್ಲ. ಕೊನೆಗೆ ಅಂಕಣಕ್ಕೆ ನಾಲ್ಕು ಮೀಟರ್, ಎತ್ತರವೂ ನಾಲ್ಕು ಮೀಟರ್ ಮಾಡಿದೆವು. ಒಟ್ಟು 8 ಮೀಟರ್ ಅಗಲ, 12 ಮೀಟರ್ ಉದ್ದ. ಹೊರಗಿನಿಂದ ನೋಡಿದರೆ ಗೌಡರ ವಾಡೆ ಹಾಗೆ ಕಾಣುತ್ತದೆ, ಒಳಗೆ ಹೋದರೆ ಮಾತ್ರ ಅಜ್ಜನ ಮನೆ. ಇದರಲ್ಲಿ ಒಂದೇ ಒಳ್ಳೆಯದು, ಸುತ್ತಿಗೆ ಹಿಡಿದು ಬಿಚ್ಚಿದರೆ ಹಾಕಿದ ಮರವೆಲ್ಲ ಪೂರ್ತಿ ವಾಪಸ್ ಸಿಗುತ್ತದೆ. ಈ ಮಾತು ಕೇಳಿ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಎರಡನೇ ತಪ್ಪು ಮಾಳಿಗೆ. ಇದು ನನ್ನ ತಲೆ ತಿಂದ ಭಾಗ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ವಾಲ್‌ಹೈಮ್ ಇಳಿಜಾರು ಮಾಡಿನ ಗೇಮ್. ಹುಲ್ಲಿನ ಮಾಡಿನ ತುಂಡುಗಳು ಎರಡು ಓರೆಯಲ್ಲಿ ಸಿಗುತ್ತವೆ, ಒಂದು 26 ಡಿಗ್ರಿ, ಒಂದು 45. ಚಪ್ಪಟೆ ಮಾಳಿಗೆಗೆ ಅಂತ ಬೇರೆ ತುಂಡು ನಮಗೆ ಸಿಗಲಿಲ್ಲ. ನೆಲಕ್ಕೆ ಹಾಕುವ ಮರದ ಹಲಗೆಗಳನ್ನೇ ಮೇಲೆ ಹಾಸಿದೆವು. ನೋಡಲು ಚೆನ್ನಾಗಿತ್ತು. ಒಳಗೆ ಕೆಲಸದ ಮೇಜು ಇಟ್ಟರೆ "ಸೂರು ಬೇಕು" ಅಂತ ತಕರಾರು. ಮೇಲೆ ನೋಡಿದರೆ ಹಲಗೆ ಇದೆ. ಸ್ವಲ್ಪ ಹೊತ್ತಿಗೆ ಮಳೆ ಬಂತು, ಒಲೆ ಆರಿತು, ನಾವು ಮನೆಯೊಳಗೇ ನೆಂದೆವು. ಮರದ ನೆಲದ ಹಲಗೆ ಈ ಗೇಮ್‌ನ ಲೆಕ್ಕದಲ್ಲಿ ಸೋರುವ ವಸ್ತು. ಎಷ್ಟು ಹತ್ತಿರ ಜೋಡಿಸಿದರೂ ಅದು ಸೂರಲ್ಲ. ಮಳೆಗೆ ಸಿಕ್ಕ ಮರ ಸವೆಯುತ್ತಾ ಹೋಗಿ ಅರ್ಧ ಗಟ್ಟಿತನಕ್ಕೆ ಬಂದು ನಿಲ್ಲುತ್ತದೆ. ಮಳೆ ಒಂದರಿಂದಲೇ ಮನೆ ಬೀಳಲ್ಲ, ಆದರೆ ಅಷ್ಟರಲ್ಲಿ ಯಾರಾದರೂ ಬಂದು ಗುದ್ದಿದರೆ ಮುಗಿಯಿತು. ಸುತ್ತಿಗೆಯಲ್ಲಿ ರಿಪೇರಿ ಪುಕ್ಕಟೆ, ಸಾಮಾನು ಬೇಡ. ಆದರೂ ಪ್ರತಿ ಮಳೆಯಾದ ಮೇಲೆ ತೊಲೆ ತೊಲೆಗೂ ಹೋಗಿ ಟಕ್ ಟಕ್ ಅಂತ ಬಡಿಯೋದು ಯಾರಿಗೆ ಬೇಕು.

ತಮ್ಮ, ಅಂದ್ರೆ ಕಾಕಾನ ಮಗ, ಒಂದು ಉಪಾಯ ಮಾಡಿದ. ಹಲಗೆಯ ಕೆಳಗೆ, ಕಾಣದ ಹಾಗೆ, ಹುಲ್ಲಿನ ಮಾಡು ಹಾಕಿದ. ಸೋರುವುದು ನಿಂತಿತು. ಕಾಕಾ ಬಂದು ನೋಡಿದರು. ಮೇಲೆ ಚಪ್ಪಟೆ, ಒಳಗೆ ನೋಡಿದರೆ ಗುಡಿಸಲು. "ಏನಪಾ ಇದು, ಪ್ಯಾಂಟಿನ ಮ್ಯಾಲ ಧೋತರ ಉಟ್ಟಂಗ ಮಾಡೀರಿ" ಅಂದರು. ಹೆಡ್‌ಸೆಟ್‌ನಲ್ಲಿ ತಮ್ಮನಿಗೂ ಕೇಳಿತು. ಅವತ್ತೇ ರಾತ್ರಿ ಬಿಚ್ಚಿದೆವು.

ಮುಂದಿನ ದಾರಿ ಕಲ್ಲು. ಕಲ್ಲಿನ ನೆಲ ಸೋರಲ್ಲ. ನಮ್ಮ ಕಡೆ ಚಪ್ಪಡಿ ಹಾಸಿದ ಮನೆಗಳೂ ಇವೆ, ಹಾಗಾಗಿ ಕಾಕಾ ಒಪ್ಪಿದರು. ಮರದ ತೊಲೆ ಮೇಲೆ ಮೊದಲ ಚಪ್ಪಡಿ ಇಟ್ಟೆ. ಇಟ್ಟದ್ದೇ ತಡ ಪುಡಿ ಪುಡಿ. ಇನ್ನೊಂದು ಇಟ್ಟೆ, ಅದೂ ಪುಡಿ.

ಇದರ ಒಳಲೆಕ್ಕ ಹೀಗಿದೆ. ಪ್ರತಿ ತುಂಡಿಗೂ ಒಂದು ಆಸರೆಯ ಅಂಕ ಇರುತ್ತದೆ. ನೆಲಕ್ಕೆ ತಾಗಿದ ತುಂಡಿಗೆ ಪೂರ್ತಿ ಅಂಕ. ಅದರಿಂದ ಮೇಲೆ ಹೋದ ಹಾಗೆ, ಪಕ್ಕಕ್ಕೆ ಸರಿದ ಹಾಗೆ ಅಂಕ ಕಡಿಮೆಯಾಗುತ್ತದೆ. ಸಾಮಾನ್ಯ ಮರಕ್ಕೆ ಹೆಚ್ಚೆಂದರೆ 100, ಕನಿಷ್ಠ 10 ಇರಬೇಕು. ಕಲ್ಲಿಗೆ ಹೆಚ್ಚೆಂದರೆ 1000, ಆದರೆ ಕನಿಷ್ಠವೇ 100 ಬೇಕು. ಅಂದ್ರೆ ಮೇಲಿನ ಮರದ ತೊಲೆ ಕೊಡುವ ಆಸರೆ ಕಲ್ಲಿಗೆ ಸಾಲುವುದೇ ಇಲ್ಲ. ಕಲ್ಲಿಗೆ ಇನ್ನೊಂದು ಕಷ್ಟ, ಅದು ಪಕ್ಕಕ್ಕೆ ಆಸರೆ ದಾಟಿಸುವುದೇ ಇಲ್ಲ. ಗೋಡೆಯ ಮೇಲೆ ಕೂತ ಚಪ್ಪಡಿ ನಿಲ್ಲುತ್ತದೆ, ಅದರ ಪಕ್ಕದ ಚಪ್ಪಡಿ ಬೀಳುತ್ತದೆ. ಸುತ್ತಿಗೆ ಹಿಡಿದು ತುಂಡಿನ ಮೇಲೆ ನೋಡಿದರೆ ಬಣ್ಣ ಕಾಣುತ್ತದೆ. ನೀಲಿ ಅಂದ್ರೆ ನೆಲ ಮುಟ್ಟಿದೆ, ಆಮೇಲೆ ಹಸಿರು, ಹಳದಿ, ಕಿತ್ತಳೆ, ಕೆಂಪು. ಕೆಂಪಿನ ಆಚೆ ಹಾಕಿದ್ದು ಕೆಳಗೆ.

ನನಗೆ ಹಿರೇಬೆಣಕಲ್ ನೆನಪಾಯಿತು. ಗಂಗಾವತಿ ಹತ್ತಿರದ ಗುಡ್ಡ, ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ಹತ್ತಿದ್ದೆ. ಬೃಹತ್ ಶಿಲಾಯುಗದ ಕಲ್ಲುಮನೆಗಳು, ಜನ ಮೋರ್ಯರ ಮನೆ ಅಂತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಬಂಡೆಗಳನ್ನು ನಿಲ್ಲಿಸಿ ಮೇಲೆ ಒಂದು ಅಗಲ ಚಪ್ಪಡಿ, ಕೆಲವದರಲ್ಲಿ ಒಂದು ಪಕ್ಕದ ಬಂಡೆಗೆ ದುಂಡನೆಯ ತೂತು. ಅಂಥದ್ದೊಂದು ಮಾಡಿ ನೋಡಿದೆ, ಹಿತ್ತಲಲ್ಲಿ. ಒಂದೇ ಚಪ್ಪಡಿ ಎರಡೂ ಗೋಡೆ ಮುಟ್ಟುವಷ್ಟು ಮನೆ ಚಿಕ್ಕದಾದರೆ ನಿಂತಿತು. ಸ್ವಲ್ಪ ಅಗಲ ಮಾಡಿ ನಡುವೆ ಇನ್ನೊಂದು ಚಪ್ಪಡಿ ಸೇರಿಸಿದರೆ ನಡುವಿನದು ಬಿತ್ತು. ಮೋರ್ಯರಿಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ, ಜೋಡಿಸುವ ತಂಟೆಗೆ ಹೋಗದೆ ಅಷ್ಟಗಲದ ಬಂಡೆಯನ್ನೇ ಎತ್ತಿಟ್ಟಿದ್ದಾರೆ.

ಉಳಿದದ್ದು ಒಂದೇ ದಾರಿ, ಕಬ್ಬಿಣದ ಪಟ್ಟಿ ಬಿಗಿದ ಮರದ ತೊಲೆ. ಅದಕ್ಕೆ 1500 ಅಂಕ, ಪಕ್ಕಕ್ಕೂ ಬಹಳ ಕಡಿಮೆ ಕಳೆಯುತ್ತದೆ. ಒಂದೊಂದು ತೊಲೆಗೆ ಒಂದೊಂದು ಕಬ್ಬಿಣ. ಹಾಳೆಯ ಹಿಂದೆ ಹಾಕಿದ ಲೆಕ್ಕ ಇದು: ಹನ್ನೆರಡು ಕಂಬ, ಕಂಬಕ್ಕೆ ಎರಡು ತುಂಡು, 24. ಉದ್ದದ ತೊಲೆ ಮೂರು ಸಾಲಿಗೆ 18. ಅಡ್ಡ ತೊಲೆ ನಾಲ್ಕು ಸಾಲಿಗೆ 16. ಕಲ್ಲು ಕಡಿಯುವ ಮೇಜಿಗೆ 2. ಒಟ್ಟು 60. ಹಳೆ ಗುಡಿಸಲಿನ ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೊಂದು.

ಕಬ್ಬಿಣ ಸಿಗೋದು ಜೌಗಿನಲ್ಲಿ, ಹೂತುಹೋದ ಕಲ್ಲಿನ ನೆಲಮಾಳಿಗೆಗಳ ಒಳಗೆ, ಕೆಸರಿನ ಗುಡ್ಡೆ ಅಗೆದರೆ. ಬಾಗಿಲು ತೆಗೆಯುವ ಕೀಲಿ ಬೇಕಾದರೆ ಎಲ್ಡರ್ ಅನ್ನೋ ಮರದ ರಾಕ್ಷಸನನ್ನು ಮೊದಲು ಕೊಲ್ಲಬೇಕು, ಅದನ್ನು ಹಿಂದೆಯೇ ಮುಗಿಸಿದ್ದೆವು. ಗೇಮ್‌ನಲ್ಲಿ ಪೋರ್ಟಲ್ ಅಂತ ಇದೆ, ಒಂದು ಕಡೆ ಹೊಕ್ಕರೆ ದೂರದ ಇನ್ನೊಂದು ಕಡೆ ತಕ್ಷಣ ಹೊರಬರುವ ಬಾಗಿಲು, ಆದರೆ ಕಬ್ಬಿಣ ಹೊತ್ತು ಅದನ್ನು ದಾಟಲು ಬಿಡಲ್ಲ. ದೋಣಿಯಲ್ಲೇ ತರಬೇಕು. ಬಿಡುವ ಹಾಗೆ ಸೆಟ್ಟಿಂಗ್ ಬದಲಿಸಬಹುದು, 2023ರ ಅಪ್‌ಡೇಟ್‌ನಿಂದ ಆ ಸೌಲಭ್ಯ ಇದೆ. ತಮ್ಮ ಬೇಡ ಅಂದ. ನನಗೆ ಬೇಕಿತ್ತು, ಆದರೆ ದೊಡ್ಡವನು ನಾನೇ ಕಳ್ಳದಾರಿ ಹೇಳೋದು ಸರಿಯಲ್ಲ ಅಂತ ಸುಮ್ಮನಾದೆ. ಜೌಗಿನ ಬಗ್ಗೆ ಇನ್ನೇನೂ ಬರೆಯಲ್ಲ. ಕತ್ತಲೆ, ಮಳೆ, ಜಿಗಣೆ. ನಾಲ್ಕು ರಾತ್ರಿ ಹೋಯಿತು, ಎರಡು ಸಲ ಸತ್ತೆ.

ನಡುವೆ ಸರ್ವರ್‌ನ ಕತೆ ಹೇಳಬೇಕು, ಇಲ್ಲದಿದ್ದರೆ ಕಬ್ಬಿಣದ ಲೆಕ್ಕ ತಾಳೆಯಾಗಲ್ಲ.

ಅಂಗಡಿಯಲ್ಲಿ ಒಂದು ಹಳೆ ಲ್ಯಾಪ್‌ಟಾಪ್ ಬಿದ್ದಿತ್ತು, ಸ್ಕ್ರೀನ್ ಅರ್ಧ ಹೋಗಿದ್ದು, 8 ಜಿಬಿ ರ‍್ಯಾಮ್. ಅದಕ್ಕೆ ಉಬುಂಟು ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ ಗೇಮ್‌ನ ಸರ್ವರ್ ಮಾಡಿದ್ದೆ. ಆಗ ನಾನು ಮಲಗಿದ್ದರೂ ತಮ್ಮ ಬಂದು ಕೆಲಸ ಮಾಡಬಹುದು. ಮೊದಲು ಹೊರಗಿನವರು ಒಳಗೆ ಬರಲಿ ಅಂತ ರೂಟರ್‌ನಲ್ಲಿ 2456, 2457 ಪೋರ್ಟ್ ತೆರೆದು ಒಂದು ಸಂಜೆ ಹಾಳು ಮಾಡಿದೆ, ಹೊರಗಿನಿಂದ ಯಾರಿಗೂ ಕಾಣಲಿಲ್ಲ. ನಮ್ಮ ನೆಟ್‌ನವರು ಒಂದೇ ಹೊರ ವಿಳಾಸವನ್ನು ಬಹಳ ಮನೆಗಳಿಗೆ ಹಂಚಿರುತ್ತಾರೆ, ಅದಕ್ಕೆ ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ. ಸರ್ವರ್ ಶುರು ಮಾಡುವ ಸಾಲಿನಲ್ಲಿ ಕ್ರಾಸ್‌ಪ್ಲೇ ಅನ್ನೋ ಒಂದು ಪದ ಸೇರಿಸಿದೆ. ಆಗ ನಡುವಿನ ಇನ್ನೊಂದು ಸರ್ವರ್ ಮೂಲಕ ಹೋಗುತ್ತದೆ, ಒಂದು ಕೋಡ್ ಬರುತ್ತದೆ, ಆ ಕೋಡ್ ಹಾಕಿದರೆ ಒಳಗೆ. ಇದನ್ನು ಮೊದಲೇ ಮಾಡಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಏಪ್ರಿಲ್ ಎರಡನೇ ವಾರ, ಹೊರಗೆ ಬಿಸಿಗಾಳಿ, ರಾತ್ರಿ ಹತ್ತಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು, ಹಾಗಾಗಿ ಸರ್ವರ್ ಆ ಕ್ಷಣಕ್ಕೆ ಖಲಾಸ್. ಸರ್ವರ್ ತಾನಾಗಿ ಗೇಮ್‌ನ ಲೋಕವನ್ನು ಉಳಿಸೋದು, ಅಂದ್ರೆ ಸೇವ್ ಮಾಡೋದು, ಅರ್ಧ ಗಂಟೆಗೊಮ್ಮೆ. ಕರೆಂಟ್ ಬಂದ ಮೇಲೆ ನೋಡಿದರೆ ಇಪ್ಪತ್ತೈದು ನಿಮಿಷದ ಗೋಡೆ ಕೆಲಸ ಮಾಯ. ಅದು ಬೇಸರದ ವಿಷಯ. ಮಜಾ ಏನಂದ್ರೆ, ಈ ಗೇಮ್‌ನಲ್ಲಿ ಲೋಕ ಸರ್ವರ್‌ನಲ್ಲಿ ಇರುತ್ತದೆ, ನಮ್ಮ ಆಳು ಮತ್ತು ಅವನ ಚೀಲ ಮಾತ್ರ ನಮ್ಮ ನಮ್ಮ ಕಂಪ್ಯೂಟರ್‌ನಲ್ಲಿ. ಕರೆಂಟ್ ಹೋಗುವ ಹತ್ತು ನಿಮಿಷ ಮೊದಲು ತಮ್ಮ ಪೆಟ್ಟಿಗೆಯಿಂದ 14 ಕಬ್ಬಿಣ ತೆಗೆದುಕೊಂಡಿದ್ದ. ಬೆಂಗಳೂರಿನಲ್ಲಿ ಅವನ ಚೀಲ ಉಳಿಯಿತು. ಇಲ್ಲಿ ಲೋಕ ಹಿಂದಕ್ಕೆ ಹೋಗಿದ್ದರಿಂದ ಪೆಟ್ಟಿಗೆಯಲ್ಲೂ ಅದೇ 14 ಕಬ್ಬಿಣ ಮತ್ತೆ ಕಾಣಿಸಿತು. ಒಟ್ಟು 28!

"ಅಣ್ಣಾ, ಇನ್ನೊಂದ್ಸಲ ಫ್ಯೂಸ್ ತೆಗಿ" ಅಂದ. ಪೋರ್ಟಲ್‌ನಲ್ಲಿ ಕಬ್ಬಿಣ ಸಾಗಿಸೋದು ತಪ್ಪು ಅಂದವನು ಇವನೇ. ಕೊನೆಗೆ ಒಪ್ಪಂದ ಆಯಿತು: ಕರೆಂಟ್ ತಾನಾಗಿ ಹೋಗಿ ಬಂದ ಕಬ್ಬಿಣ ನಮ್ಮದು, ನಾವು ತೆಗೆದು ಬರಿಸಿಕೊಂಡದ್ದು ಕಳವು. ಆಮೇಲೆ ಎರಡು ಸಲ ಕರೆಂಟ್ ಹೋಯಿತು, ಒಮ್ಮೆಯೂ ಯಾರ ಚೀಲದಲ್ಲೂ ಕಬ್ಬಿಣ ಇರಲಿಲ್ಲ.

ರಿಪೇರಿ ಎರಡು ಮಾಡಿದೆ. ಉಳಿಸುವ ಅವಧಿಯನ್ನು 1800 ಸೆಕೆಂಡಿನಿಂದ 300ಕ್ಕೆ ಇಳಿಸಿದೆ. ಉಳಿಸುವಾಗ ಅರೆ ಕ್ಷಣ ಗೇಮ್ ತಡವರಿಸುತ್ತದೆ, ಪರವಾಗಿಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಬದಲಿಸಿದೆ. ಮೊದಲು ತಂದ ಬ್ಯಾಟರಿ ಒಂದು ವಾರಕ್ಕೆ ಉಬ್ಬಿ ಟಚ್‌ಪ್ಯಾಡ್ ಮೇಲೆತ್ತಿತು, ಅದನ್ನು ಬಿಚ್ಚಿ ಹೊರಗಿಟ್ಟು, ಎರಡನೇದು ತಂದೆ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಲೂಬೇಡಿ, ಬೆಂಕಿ ಹತ್ತುತ್ತದೆ. ಈಗ ಕರೆಂಟ್ ಹೋದರೆ ಒಂದೂವರೆ ಗಂಟೆ ಸಮಯ ಸಿಗುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿದರೆ ಸರ್ವರ್ ಲೋಕವನ್ನು ಉಳಿಸಿಯೇ ಮುಚ್ಚಿಕೊಳ್ಳುತ್ತದೆ. ನಾನು ಆಡುವ ಕಂಪ್ಯೂಟರ್‌ನ ಫ್ಯಾನಿಗೂ ಬ್ಲೋವರ್ ಹೊಡೆದೆ. ಅದರಿಂದ ಬಂದ ಧೂಳನ್ನು ಮಾಳಿಗೆಗೆ ಹಾಕಬಹುದಿತ್ತು.

ಮೇ ಮೊದಲ ವಾರ 60 ಕಬ್ಬಿಣ ಪೂರ್ತಿ ಆಯಿತು. ಕಂಬ ನಿಲ್ಲಿಸಿದೆವು. ಬೋದಿಗೆ ಅಂತ ಗೇಮ್‌ನಲ್ಲಿ ಏನೂ ಇಲ್ಲ, ಒಂದು ಮೀಟರ್‌ನ ಮರದ ತುಂಡನ್ನು ಕಂಬದ ತಲೆಗೆ ಅಡ್ಡ ಇಟ್ಟೆವು, ಬರೀ ಶೋಕಿಗೆ. ಸುತ್ತ ಕಲ್ಲಿನ ಗೋಡೆ. ಮೇಲೆ ಚಪ್ಪಡಿ 24. ಒಂದೂ ಬೀಳಲಿಲ್ಲ. ಆವತ್ತು ಮಿರ್ಚಿ ಒಗ್ಗರಣೆ ತರಿಸಿದೆ. ಕಾಕಾ ಕೂತು ಮಗನಿಗೆ ಹೆಡ್‌ಸೆಟ್‌ನಲ್ಲಿ ಹೇಳುತ್ತಿದ್ದರು: "ಆ ತೊಲಿ ಒಂದು ಗೇಣು ಒಳಗ ತಗೋ." ಗೇಮ್‌ನಲ್ಲಿ ಗೇಣು ಸರಿಸೋದು ಅಷ್ಟು ಸುಲಭ ಅಲ್ಲ, ತುಂಡುಗಳು ತಾವೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಶಿಫ್ಟ್ ಒತ್ತಿ ಹಿಡಿದರೆ ಅಂಟೋದು ಬಿಡುತ್ತದೆ ಅಂತ ತಮ್ಮ ಕಾಕಾನಿಗೆ ವಿವರಿಸುತ್ತಿದ್ದ. ಬೆಂಗಳೂರಿಗೆ ಹೋದ ಮೇಲೆ ಅಪ್ಪ ಮಗ ಫೋನಿನಲ್ಲಿ "ಉಂಡಿಯಾ, ಉಂಡೆ" ಬಿಟ್ಟು ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ಆಮೇಲೆ ಕಾಕಾ ಕೇಳಿದರು: "ಭಾರ ಎಲ್ಲಿ ಇಳಿತೈತಿ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮಾಳಿಗೆ ಮೇಲೆ ಒಂದಡಿ ಮಣ್ಣು ಅಂದ್ರೆ ಹತ್ತಡಿಗೆ ಹತ್ತಡಿ ಜಾಗಕ್ಕೆ ನೂರು ಘನ ಅಡಿ. ಒಂದು ಘನ ಅಡಿ ಮಣ್ಣು ಹತ್ತಿರ ಹತ್ತಿರ 45 ಕೆಜಿ. ನಾಲ್ಕೂವರೆ ಟನ್! ಮಳೆ ಬಂದು ನೆಂದರೆ ಇನ್ನೂ ಜಾಸ್ತಿ. ಅಷ್ಟು ಭಾರ ಜಂತಿಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ ಇಳಿಯುತ್ತದೆ. ನಡುವಿನ ಎರಡು ಕಂಬಕ್ಕೆ ಎಲ್ಲಕ್ಕಿಂತ ಹೆಚ್ಚು, ಯಾಕಂದ್ರೆ ಅವಕ್ಕೆ ನಾಲ್ಕೂ ಕಡೆಯಿಂದ ಬರುತ್ತದೆ. ಅಜ್ಜ ಆ ಎರಡಕ್ಕೆ ಮಾತ್ರ ಹಳೆ ಬೇವಿನ ಮರ ಹಾಕಿಸಿದ್ದರಂತೆ, ಅಂಚಿನ ಕಂಬಕ್ಕೆ ಸಿಕ್ಕ ಮರ.

ಸರಿ, ನೋಡೇಬಿಡೋಣ ಅಂತ ನಡುವಿನ ಎರಡೂ ಕಂಬ ಬಿಚ್ಚಿದೆ. ಕಾಕಾ ಕುರ್ಚಿ ಹಿಂದಕ್ಕೆ ಸರಿಸಿದರು. ಏನೂ ಆಗಲಿಲ್ಲ. ಚಪ್ಪಡಿ ಹಾಗೇ ನಿಂತಿದೆ, ಬಣ್ಣ ಸ್ವಲ್ಪವೂ ಕೆಂಪಾಗಿಲ್ಲ. ಅದರ ಮೇಲೆ ತಮ್ಮ ಹತ್ತು ಸಾಲು ಕಲ್ಲು ಪೇರಿಸಿದ. ಆಗಲೂ ಏನೂ ಇಲ್ಲ.

ಈ ಗೇಮ್‌ನಲ್ಲಿ ಭಾರ ಅನ್ನೋದೇ ಇಲ್ಲ. ಆಸರೆ ನೆಲದಿಂದ ಮೇಲೆ ಹೋಗುತ್ತದೆ ಅಷ್ಟೇ, ಮೇಲಿನಿಂದ ಕೆಳಗೆ ಏನೂ ಇಳಿಯಲ್ಲ. ತಲೆಯ ಮೇಲೆ ಎಷ್ಟು ಹೊತ್ತಿದ್ದೀಯ ಅಂತ ಯಾವ ಕಂಬವನ್ನೂ ಅದು ಕೇಳಲ್ಲ, ನೆಲದಿಂದ ಎಷ್ಟು ದೂರ ಇದ್ದೀಯ ಅಂತ ಮಾತ್ರ ಕೇಳುತ್ತದೆ. ನಾನು ನೂರಾರು ಗಂಟೆ ಆಡಿದ್ದೆ, ಬಣ್ಣಗಳ ಲೆಕ್ಕ ಬಾಯಿಪಾಠ ಇತ್ತು, ಆದರೂ ಇದು ಹೊಳೆದಿರಲಿಲ್ಲ. ಗೌಂಡಿ ಬಂದು ಒಂದು ಪ್ರಶ್ನೆ ಕೇಳಬೇಕಾಯಿತು. ನಾವು ಇಷ್ಟು ದಿನ ನಿಷ್ಠೆಯಿಂದ ನಕಲು ಮಾಡಿದ ಕಂಬ, ಬೋದಿಗೆ ಎಲ್ಲ ಅಜ್ಜನಿಗೆ ಭಾರದ ಲೆಕ್ಕ. ಇಲ್ಲಿ ಬರೀ ಚಿತ್ರ. ಮನೆ ನಿಂತಿದೆ, ಆದರೆ ಅಜ್ಜನ ಮನೆ ನಿಂತ ಕಾರಣಕ್ಕೆ ಅಲ್ಲ.

"ಅವೆರಡು ಕಂಬ ವಾಪಸ್ ಹಚ್ಚು" ಅಂದರು ಕಾಕಾ. ಬೇಕಾಗಿಲ್ಲ ಕಾಕಾ, ಎಂಟು ಕಬ್ಬಿಣ... ಅಲ್ಲ, ನಾಲ್ಕು ಕಬ್ಬಿಣ ಉಳಿಯುತ್ತದೆ ಅಂದೆ. "ಹಚ್ಚು ಅಂದೆ. ಅದರ ಕೆಳಗ ನಾ ಕುಂದ್ರಂಗಿಲ್ಲ." ಹಚ್ಚಿದೆ.

ಅಡಿಗೆ ಮನೆಯ ಹೊಗೆ ಇನ್ನೊಂದು ರಗಳೆ. ಒಲೆ ಹಚ್ಚಿದರೆ ಈ ಗೇಮ್‌ನಲ್ಲಿ ಹೊಗೆ ನಿಜವಾಗಿಯೂ ಏಳುತ್ತದೆ, ಸಂದು ಹುಡುಕಿ ಹೊರಗೆ ಹೋಗುತ್ತದೆ. ಸಂದು ಇಲ್ಲದಿದ್ದರೆ ಕೋಣೆ ತುಂಬುತ್ತದೆ, ಜೀವ ಇಳಿಯುತ್ತದೆ, ಒಲೆಯೂ ಆರುತ್ತದೆ. ಹಲಗೆ ಹಾಸಿದ ಹಳೆ ಮನೆಯಲ್ಲಿ ಮಳೆಯ ಸಮಸ್ಯೆ, ಚಪ್ಪಡಿ ಹಾಸಿದ ಹೊಸ ಮನೆಯಲ್ಲಿ ಹೊಗೆಯ ಸಮಸ್ಯೆ. ಅಜ್ಜನ ಮನೆಯಲ್ಲಿ ಒಲೆಯ ನೆತ್ತಿಗೆ ಬೆಳಕಿಂಡಿ ಇತ್ತು. ಒಂದು ಚಪ್ಪಡಿ ತೆಗೆದೆವು. ಹೊಗೆ ಹೋಯಿತು, ಮಳೆ ಬಂತು, ಒಲೆ ಆರಿತು. ಮಳೆ ಬಂದಾಗ ಅಜ್ಜಿ ಏನು ಮಾಡುತ್ತಿದ್ದಳು ಅಂತ ನಮ್ಮ ಅಮ್ಮನನ್ನು ಕೇಳಿದೆ. "ಏನ್ ಮಾಡೋದು, ಮಾಳಿಗಿ ಹತ್ತಿ ಬೆಳಕಿಂಡಿಗೆ ಗಡಿಗಿ ಬೋರಲ ಹಾಕೋದು, ಒಳಗ ಕಣ್ಣು ಉರಿಸಿಕೊಂಡು ರೊಟ್ಟಿ ಬಡಿಯೋದು" ಅಂದಳು. ಅಂದ್ರೆ ಅವರಿಗೂ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ. ಹಳೆ ಮನೆ ಅಂದ್ರೆ ತಂಪು, ಹಳೆ ಮನೆ ಅಂದ್ರೆ ಜ್ಞಾನ ಅಂತ ಮಾತಾಡುವವರು ಒಮ್ಮೆ ಆ ಅಡಿಗೆ ಮನೆಯಲ್ಲಿ ಆಷಾಢದ ಮಳೆಯಲ್ಲಿ ರೊಟ್ಟಿ ಬಡಿದು ನೋಡಬೇಕು.

ಗೇಮ್‌ನಲ್ಲಿ ಉತ್ತರ ಸುಲಭ. ಬೆಳಕಿಂಡಿಯ ನಾಲ್ಕು ಮೂಲೆಗೆ ಒಂದೊಂದು ಮೀಟರ್‌ನ ಗೂಟ, ಅದರ ಮೇಲೆ ಕಿಂಡಿಗಿಂತ ಅಗಲವಾದ ಚಿಕ್ಕ ಹುಲ್ಲಿನ ಮಾಡು. ಹೊಗೆ ಪಕ್ಕದಿಂದ ಹೋಗುತ್ತದೆ, ಮಳೆ ಒಳಗೆ ಬರಲ್ಲ. ಒಲೆಯನ್ನು ನೆಲದ ಮಣ್ಣಿನ ಮೇಲೇ ಹಾಕಿದೆವು, ಹಾಗಾಗಿ ಅಡಿಗೆ ಮನೆಗೆ ಕಲ್ಲು ಹಾಸಲಿಲ್ಲ. ಅಮ್ಮನಿಗೆ ತೋರಿಸಿದೆ. "ಇಷ್ಟೇ ಇತ್ತಾ" ಅಂದು ಒಳಗೆ ಹೋದಳು.

ಮೇ ಕೊನೆಯಲ್ಲಿ ಒಂದು ದಿನ ಚಿಕ್ಕ ಪ್ಯಾಚ್ ಬಂತು. ನಮ್ಮ ಗೇಮ್‌ಗಳು ತಾವೇ ಅಪ್‌ಡೇಟ್ ಆದವು, ಸರ್ವರ್ ಹಳೆಯದೇ ಇತ್ತು, ಆವೃತ್ತಿ ಹೊಂದಲ್ಲ ಅಂತ ಇಬ್ಬರನ್ನೂ ಹೊರಗಿಟ್ಟಿತು. ಅರ್ಲಿ ಆಕ್ಸೆಸ್ ಗೇಮ್ ಅಂದ್ರೆ ಇದು ಇದ್ದದ್ದೇ. ಗೇಮ್ ಮಾರುವ ಸ್ಟೀಮ್‌ನ ಕಮಾಂಡ್‌ನಿಂದ ಸರ್ವರ್ ಅಪ್‌ಡೇಟ್ ಮಾಡಿದೆ, ಸ್ಟೀಮ್‌ನಲ್ಲಿ ಈ ಸರ್ವರ್‌ನ ನಂಬರ್ 896660. ಶುರುವಾಯಿತು. ತಮ್ಮ ಫೋನ್ ಮಾಡಿ ಪಾಸ್‌ವರ್ಡ್ ತಪ್ಪು ಅಂತಿದೆ ಅಂದ. ಫೈಲ್ ತೆಗೆದು ನೋಡಿದರೆ ಪಾಸ್‌ವರ್ಡ್ ಜಾಗದಲ್ಲಿ "ಸೀಕ್ರೆಟ್" ಅಂತ ಇದೆ. ನಾನು ಹಾಕಿದ್ದಲ್ಲ. ಇರಲಿ ಅಂತ ಅದನ್ನೇ ಹೇಳಿದೆ. ಒಳಗೆ ಹೋದ. ಒಂದು ನಿಮಿಷ ಮಾತಿಲ್ಲ. ಆಮೇಲೆ: "ಅಣ್ಣಾ, ಮನಿ ಇಲ್ಲ. ಎಲ್ಲಾ ಕಾಡು."

ಎದೆ ಧಸಕ್ಕೆಂದಿತು. ಎರಡು ತಿಂಗಳ ಕೆಲಸ. ಆಮೇಲೆ ಫೈಲ್‌ನ ಅದೇ ಸಾಲು ಪೂರ್ತಿ ಓದಿದೆ. ಅಪ್‌ಡೇಟ್ ಆಗುವಾಗ ಸರ್ವರ್ ಶುರು ಮಾಡುವ ಫೈಲ್‌ ಅನ್ನೇ ಕಂಪನಿಯ ಮೂಲ ಫೈಲ್ ಅಳಿಸಿ ಕೂತಿತ್ತು. ಪಾಸ್‌ವರ್ಡ್ ಮಾತ್ರ ಅಲ್ಲ, ಲೋಕದ ಹೆಸರೂ "ಡೆಡಿಕೇಟೆಡ್" ಅಂತ ಆಗಿತ್ತು. ಆ ಹೆಸರಿನ ಲೋಕ ಇಲ್ಲದ್ದರಿಂದ ಸರ್ವರ್ ಹೊಸದೊಂದನ್ನು ಹುಟ್ಟಿಸಿಬಿಟ್ಟಿತ್ತು. ನಮ್ಮ ಲೋಕದ ಎರಡು ಫೈಲ್ ಅದರ ಪಕ್ಕದಲ್ಲೇ ಸುರಕ್ಷಿತ. ಹೆಸರು ಸರಿಮಾಡಿದೆ, ಮನೆ ಬಂತು. ತಪ್ಪು ನನ್ನದೇ, ಆ ಫೈಲ್‌ ಅನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿ ನಕಲನ್ನು ಬಳಸಬೇಕಿತ್ತು. ಈಗ ಹಾಗೆ ಮಾಡಿದ್ದೇನೆ, ಮತ್ತೆ ಲೋಕದ ಎರಡೂ ಫೈಲ್ ದಿನಾ ರಾತ್ರಿ ಪೆನ್‌ಡ್ರೈವ್‌ಗೆ ಹೋಗುತ್ತವೆ.

ಗೇಮ್‌ನ ಟ್ರೋಲ್ ಅನ್ನೋ ದೈತ್ಯ ಒಮ್ಮೆ ಬಂದು ಮುಂದಿನ ಕಟ್ಟೆಯ ಮೂಲೆ ಒಡೆಯಿತು. ಅರ್ಧ ಉಳಿದ ತುಂಡುಗಳು ಸುತ್ತಿಗೆಯಲ್ಲಿ ಸರಿಯಾದವು, ಪೂರ್ತಿ ಹೋದವಕ್ಕೆ ಹೊಸ ಕಲ್ಲು. ದೊಡ್ಡ ವಿಷಯವೇನಲ್ಲ.

ಈಗ ಉಳಿದದ್ದು ಹಗೇವು. ಜೋಳ ತುಂಬಿಡಲು ಅಂಗಳದಲ್ಲಿ ತೋಡಿದ್ದ ನೆಲದೊಳಗಿನ ಕಣಜ, ಕಾಕಾ ಚಿಕ್ಕವರಿದ್ದಾಗ ಅದರೊಳಗೆ ಇಳಿದಿದ್ದರಂತೆ. ಗೇಮ್‌ನಲ್ಲಿ ಜೋಳ ಇಲ್ಲ, ಬಾರ್ಲಿ ಇದೆ, ನಡೆಯುತ್ತದೆ. ಜೂನ್ ಎರಡನೇ ಶನಿವಾರ ಗುದ್ದಲಿ ತಗೊಂಡು ಅಗೆಯಲು ಶುರು ಮಾಡಿದೆವು. ಎರಡು ಆಳು ಆಳ ಹೋಗುವಷ್ಟರಲ್ಲಿ ತಳದಲ್ಲಿ ನೀರು. ಪಕ್ಕದಲ್ಲಿ ಅಗೆದೆವು, ಅಲ್ಲೂ ನೀರು. ಈ ಲೋಕದಲ್ಲಿ ಸಮುದ್ರದ ಮಟ್ಟಕ್ಕಿಂತ ಕೆಳಗೆ ಎಲ್ಲಿ ಅಗೆದರೂ ನೀರು ಇರುತ್ತದೆ, ನಾವು ಕಬ್ಬಿಣದ ದೋಣಿಗೆ ಹತ್ತಿರ ಆಗಲಿ ಅಂತ ಮನೆಯನ್ನು ದಂಡೆಯಲ್ಲೇ ಕಟ್ಟಿದ್ದೆವು.

ಕಾಕಾ ಪರದೆಗೆ ಮೂಗು ತಾಗಿಸಿ ನೋಡಿದರು. "ಹಗೇವಿಗೆ ಜಾಗ ನೋಡಿ ಆಮ್ಯಾಲ ಮನಿ ಕಟ್ತಾರೋ, ಮನಿ ಕಟ್ಟಿ ಆಮ್ಯಾಲ ಹಗೇವು ಹುಡುಕ್ತಾರೋ?"

ಹೆಡ್‌ಸೆಟ್‌ನ ಆ ಕಡೆ ತಮ್ಮ ಗೊಳ್ಳೆಂದು ನಕ್ಕ. ನಾನು ಸನಿಕೆ ತಗೊಂಡು ಎರಡೂ ಗುಂಡಿ ಮುಚ್ಚಿದೆ. ಮೇಲೆ ಈಗ ಒಂದು ಜೇನು ಪೆಟ್ಟಿಗೆ ಇಟ್ಟಿದ್ದೇನೆ.